ಬೀರುವಿನಿಂದ ಕ್ಯಾಮೆರಾ ಹೊರಗೆ ತೆಗಿ, ಝೂಮ್ ಲೆನ್ಸ್ ವಿಚಾರ ಆಮೇಲೆ

ತಮ್ಮಾ, ಆಗುಂಬೆ ಟ್ರಿಪ್ಪಿಗೆ 70-300 ಝೂಮ್ ಲೆನ್ಸ್ ತಗೊಳ್ಲಾ ಇಲ್ಲ ಕಡಿಮೆಗೆ ಸಿಗ್ತಿರೋ 50 ಎಂಎಂ ಡಿ ಲೆನ್ಸ್ ತಗೊಳ್ಲಾ ಅಂತ ಕೇಳಿದೀಯ, ಗ್ರೂಪಲ್ಲಿ ಎಲ್ರೂ ಅದಕ್ಕೇ ಉತ್ರ ಕೊಡ್ತಾ ಇದಾರೆ. ನನ್ ಕಣ್ಣು ಬಿದ್ದಿದ್ದು ನೀನು ಹಾಕಿರೋ ಫೋಟೋ ಮೇಲೆ. ಸೆಕೆಂಡ್ ಹ್ಯಾಂಡ್ ನಿಕಾನ್ ಡಿ5300 ಕ್ಯಾಮೆರಾ, ಅದಕ್ಕೊಂದು ಪ್ಲಾಸ್ಟಿಕ್ ಕವರ್, ಅದರ ಮೇಲೆ ಲೆದರ್ ಪೌಚ್, ಬೀರುವಲ್ಲಿ ಬಟ್ಟೆ ಮಧ್ಯ, ಸಾಲದ್ದಕ್ಕೆ ಪಕ್ಕದಲ್ಲಿ ನುಸಿಗುಳಿಗೆ ಬೇರೆ. "ಟ್ರಿಪ್ ಇದ್ದಾಗ ಮಾತ್ರ ತೆಗೀತೀನಿ, ಸೇಫಾಗಿದೆ" ಅಂತ ಬರ್ದಿದೀಯ. ತೀರ್ಥಹಳ್ಳಿ ಕಡೆ ಮನೆ, ಜುಲೈ ತಿಂಗಳು, ಎಂತ ಸೇಫ್ ಮಾರಾಯ, ಬೂಷ್ಟಿಗೆ ಹಾಸಿಗೆ ಹಾಸಿ ಕೊಟ್ಟಂಗಾಯ್ತು.

ನಾವು ಶಿವಮೊಗ್ಗದಲ್ಲಿ ಡಿಗ್ರಿ ಓದ್ತಾ ಇದ್ದಾಗ ರೂಮಿನೋರೆಲ್ಲ ದುಡ್ಡು ಸೇರ್ಸಿ ಒಂದು ಕ್ಯಾಮೆರಾ ಬಾಡಿ, ಒಂದು 50 ಎಂಎಂ ಲೆನ್ಸ್ ತಗೊಂಡಿದ್ವಿ. ಹುಚ್ಚು ಹಿಡಿದಿದ್ದೇ ಆಗ, ಬೆಳಗ್ಗೆ ಬಸ್ ಹತ್ತಿ ಸಕ್ರೆಬೈಲು ಆನೆ ಬಿಡಾರಕ್ಕೆ ಹೋಗಿ ಆನೆ ಸ್ನಾನ ತೆಗೆದು ಮಧ್ಯಾಹ್ನದ ಕ್ಲಾಸಿಗೆ ವಾಪಸ್ ಬರೋದು. ಆದ್ರೆ ಮಳೆ ಹಿಡ್ಕೊಂಡಾಗ ನಿನ್ ಥರಾನೇ ಪೌಚಲ್ಲಿ ಹಾಕಿ ಟ್ರಂಕಲ್ಲಿಟ್ವಿ, ದಸರಾ ಹೊತ್ತಿಗೆ ತೆಗೆದು ನೋಡಿದ್ರೆ ಗ್ಲಾಸ್ ಒಳಗೆ ಕವಲು ಕವಲಾಗಿ ಬಿಳಿ ಎಳೆ. ರಿಪೇರಿಯವ್ರು ಬಿಚ್ಚಿ ಒರೆಸಿಕೊಟ್ರು, ಬೂಷ್ಟೇನೋ ಹೋಯ್ತು, ಅದು ಗ್ಲಾಸ್ ಮೇಲಿನ ಕೋಟಿಂಗ್ ತಿಂದ ಗುರುತು ಹೋಗ್ಲಿಲ್ಲ. ಎದುರುಬೆಳಕಲ್ಲಿ ತೆಗೆದ್ರೆ ಇಡೀ ಫೋಟೋ ಬೆಳ್ಳಗೆ. ಕ್ಲೀನ್ ಮಾಡ್ಸಿದ ದುಡ್ಡಿಗೆ ಇನ್ನೊಂದಿಷ್ಟು ಸೇರ್ಸಿದ್ರೆ ಬೇರೆ ಲೆನ್ಸೇ ಬರ್ತಿತ್ತು.

ನಿಕಾನ್ ಮ್ಯಾನುಯಲ್ ಕೊನೇಲಿ ಯಾರೂ ಓದದ ಪುಟ ಒಂದಿರತ್ತೆ, ಓದು. ತೇವಾಂಶ 60 ಪರ್ಸೆಂಟ್ ದಾಟೋ ಜಾಗದಲ್ಲಿ ಇಡ್ಬೇಡಿ, ನುಸಿಗುಳಿಗೆ, ಕರ್ಪೂರದ ಗುಳಿಗೆ ಜೊತೆ ಇಡ್ಬೇಡಿ, ತಿಂಗಳಿಗೊಂದ್ಸಲನಾದ್ರೂ ಹೊರಗೆ ತೆಗೀರಿ ಅಂತ ಅವ್ರೇ ಬರ್ದಿದಾರೆ. ಆರಿದ್ರ ಮಳೆ ಶುರುವಾದ್ಮೇಲೆ ನಮ್ ಮನೆಗಳ ಒಳಗೇ 85-90 ಇರತ್ತೆ, ಆ ಗಾಳಿ ಸಮೇತ ಪ್ಲಾಸ್ಟಿಕ್ ಕಟ್ಟಿಟ್ರೆ ತೇವನೂ ಒಳಗೇ ಉಳಿಯತ್ತೆ. ಲೆದರ್ ಅಂತೂ ತೇವ ಹೀರ್ಕೊಂಡು ಕೂತಿರತ್ತೆ, ಬೂಷ್ಟು ಮೊದಲು ಅದಕ್ಕೇ ಬರತ್ತೆ. ಪೌಚ್ ಶೋಕಿಗೆ ಇಟ್ಕೋ, ಕ್ಯಾಮೆರಾ ಅದ್ರಲ್ಲಿಡ್ಬೇಡ.

ಏನ್ ಮಾಡ್ಬೇಕು ಅಂದ್ರೆ, ರಬ್ಬರ್ ಬೀಡಿಂಗ್ ಇರೋ, ಕ್ಲಿಪ್ ಹಾಕೋ ಡಬ್ಬಿ ಒಂದು ತಗೋ, 10 ಲೀಟರಿಂದು ಸಾಕು, ಕ್ಯಾಮೆರಾ ಕಂಪನಿ ಹೆಸರಿರೋದೇ ಬೇಕಿಲ್ಲ, ಪಾತ್ರೆ ಅಂಗಡೀಲಿ ಅಕ್ಕಿಬೇಳೆಗೆ ಸಿಗೋದೇ ಆಗತ್ತೆ. ಒಳಗೆ ತೇವ ಹೀರೋ ಸಿಲಿಕಾ ಜೆಲ್ ಹರಳು ಕಾಲು ಕೆಜಿ, ಬಟ್ಟೆ ಚೀಲದಲ್ಲಿ. ಚಪ್ಪಲಿ ಡಬ್ಬಿಯಲ್ಲಿ ಬರೋ ಪುಟ್ಟ ಪ್ಯಾಕೆಟ್ ಆರಿಸಿ ಹಾಕ್ಬೇಡ, ಅದು ಅಂಗಡೀಲಿರುವಾಗಲೇ ಹೀರಿ ಸುಸ್ತಾಗಿರತ್ತೆ. ಆರೆಂಜ್ ಬಣ್ಣದ್ದು ತಗೋ, ತೇವ ಹೀರಿದ್ರೆ ಹಸಿರಾಗತ್ತೆ. ನೀಲಿದು ಗುಲಾಬಿ ಆಗತ್ತೆ, ಅದ್ರಲ್ಲಿ ಕೋಬಾಲ್ಟ್ ಇರತ್ತೆ, ವಿಷ, ಬೇಡ. ಬಣ್ಣ ತಿರುಗಿದ್ಮೇಲೆ ಹಳೇ ಬಾಣಲೇಲಿ ಸಣ್ಣ ಉರಿ ಮೇಲೆ ಕೈಯಾಡಿಸ್ತಾ ಬಿಸಿ ಮಾಡಿದ್ರೆ ಮತ್ತೆ ಆರೆಂಜ್, ಪೂರ್ತಿ ಆರಿದ್ಮೇಲೇ ಡಬ್ಬಿಗೆ. ಬಾಣಲೆ ಅಡುಗೆಗೆ ವಾಪಸ್ ಕೊಡ್ಬೇಡ, ಅಮ್ಮನ ಹತ್ರ ಬೈಸ್ಕೊಂಡ್ರೂ ಪರವಾಗಿಲ್ಲ. ಕೆಳಗೆ ಕಾಮೆಂಟಲ್ಲಿ ಒಬ್ರು ಅಕ್ಕಿ ಹಾಕು ಅಂದಿದಾರೆ, ದಯವಿಟ್ಟು ಬೇಡ, ಅಕ್ಕಿ ಅಷ್ಟೇನೂ ಹೀರಲ್ಲ, ಅದರ ಹುಡಿ ಹೋಗಿ ಫೋಕಸ್ ರಿಂಗಲ್ಲಿ ಕೂರತ್ತೆ.

ಒಳಗೊಂದು ಸಣ್ಣ ಡಿಜಿಟಲ್ ತೇವಾಂಶ ಮೀಟರ್ ಇಡು. ಅಗ್ಗದ್ದು ಐದಾರು ಪಾಯಿಂಟ್ ಸುಳ್ಳು ಹೇಳತ್ತೆ, ಅದಕ್ಕೆ ಮೊದಲು ಬಾಟ್ಲಿ ಮುಚ್ಚಳದಲ್ಲಿ ಪುಡಿಉಪ್ಪು ಹಾಕಿ ನಾಲ್ಕು ಹನಿ ನೀರು ಬಿಟ್ಟು, ನೀರಾಗಬಾರ್ದು ಮತ್ತೆ, ಒದ್ದೆ ಮರಳಿನಷ್ಟು, ಮೀಟರ್ ಜೊತೆ ಜಿಪ್ ಕವರಲ್ಲಿ ಒಂದು ರಾತ್ರಿ ಮುಚ್ಚಿಡು, ಬೆಳಗ್ಗೆ 75 ತೋರಿಸ್ಬೇಕು. 80 ತೋರಿಸಿದ್ರೆ ಐದು ಕಳೆದು ಓದ್ಕೋ. ಡಬ್ಬಿ ಒಳಗೆ 40ರಿಂದ 50 ಇದ್ರೆ ಸಾಕು. ತೀರಾ 30ರ ಕೆಳಗೆ ಒಣಗಿಸೋದೂ ಒಳ್ಳೇದಲ್ಲ, ಗ್ರೀಸು ರಬ್ಬರು ಹಾಳಾಗತ್ತೆ.

ತೇವ ತೆಗೆಯೋ ಕರೆಂಟಿನ ಡ್ರೈ ಕ್ಯಾಬಿನೆಟ್ ತಗೋ ಅನ್ನೋರು ಬೆಂಗಳೂರಲ್ಲಿರೋರು. ತೀರ್ಥಹಳ್ಳಿ, ಹೊಸನಗರ ಕಡೆ ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ರೆ ಕರೆಂಟ್ ಯಾವಾಗ ಬರತ್ತೆ ಅಂತ ಕೇಳೋ ಹಾಗೇ ಇಲ್ಲ. ಬೀರುವಲ್ಲಿ ಝೀರೋ ಬಲ್ಬ್ ಉರಿಸೋದು ಹಳೇ ಉಪಾಯ, ತಂತಿ ಬಲ್ಬಾದ್ರೆ ಬಿಸಿಗೆ ನಡೀತಿತ್ತು, ಈಗಿನ ಎಲ್‌ಇಡಿಗೆ ಆ ಬಿಸಿ ಇಲ್ಲ. ಬಚ್ಚಲೊಲೆ ಹತ್ರ ಇಡೋದಂತೂ ಬೇಡವೇ ಬೇಡ, ಹೊಗೆ ಮಸಿ ಎರಡೂ.

ಇಷ್ಟೆಲ್ಲ ಮಾಡಿದ್ರೂ ಡಬ್ಬೀಲೇ ಇಟ್ರೆ ಪ್ರಯೋಜನ ಇಲ್ಲ, ದಿನಾ ತೆಗಿ. ಬೆಳಕಿಗೆ ಬರ್ತಾ ಇರೋ ಲೆನ್ಸಿಗೆ ಬೂಷ್ಟು ಹಿಡಿಯೋದು ಕಡಿಮೆ, ನಿಂಗೂ ಕೈ ಕೂರತ್ತೆ. ಟ್ರಿಪ್ ಯಾಕೆ ಬೇಕು? ನಿಮ್ ತಾಲ್ಲೂಕಿನ ಕುಪ್ಪಳಿ ಮನೆತನದ ತೇಜಸ್ವಿ ಮೂಡಿಗೆರೆ ಕಾಡುತೋಟದಲ್ಲಿದ್ಕೊಂಡೇ ಹಕ್ಕಿ ಫೋಟೋ ತೆಗೆದೋರು. ಜಗಲೀಲಿ ಕೂತ್ಕೊಂಡು ಅಂಗಳದ ಮಳೆ ತೆಗಿ, ಹಿಂದೆ ಅಡಿಕೆ ತೋಟದ ಕಪ್ಪು ಬರೋ ಹಾಗೆ ನೋಡ್ಕೊಂಡು 1/60 ಸೆಕೆಂಡ್ ಶಟರ್ ಸ್ಪೀಡಲ್ಲಿ ಹೊಡಿ, ಹನಿ ಗೆರೆಯಾಗಿ ಬರತ್ತೆ, 1/1000ಕ್ಕೆ ಹೋದ್ರೆ ಬರೀ ಚುಕ್ಕೆ. ಮಂಜಿದ್ರೆ ಫೋಟೋ ಬೆಳಕು ಸ್ವಲ್ಪ ಏರಿಸೋಕೆ ಎಕ್ಸ್‌ಪೋಶರ್ ಪ್ಲಸ್ 0.7 ಮಾಡ್ಕೋ, ಇಲ್ಲಾಂದ್ರೆ ಮಂಜು ಬೂದಿ ಬಣ್ಣಕ್ಕೆ ತಿರುಗತ್ತೆ. ಮಂಡಗದ್ದೆ ಪಕ್ಷಿಧಾಮ ರಸ್ತೆ ಬದೀಲೇ ಇದೆ, ತುಂಗೆ ನಡುವೆ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟೋ ಕಾಲನೂ ಇದೇ, ಊರಿಗೆ ಹೋಗ್ತಾ ಬರ್ತಾ ಇಳಿ.

ಲೆನ್ಸ್ ವಿಚಾರ ಈಗ. ಆ 50 ಎಂಎಂ 1.8 ಡಿ ಲೆನ್ಸ್ ನಿನ್ ಬಾಡೀಲಿ ಆಟೋಫೋಕಸ್ ಆಗಲ್ಲ, ಡಿ5300 ಒಳಗೆ ಫೋಕಸ್ ಮೋಟರ್ ಇಲ್ಲ. ಮಾರೋರು ಇದನ್ನ ಹೇಳಲ್ಲ. ಅದರ ಬದ್ಲು ಲೆನ್ಸ್ ಒಳಗೇ ಮೋಟರ್ ಇರೋ ಎಎಫ್-ಎಸ್ 50 ಎಂಎಂ 1.8 ಜಿ ತಗೋ. ತಗೊಳ್ಳೋ ಮೊದಲು ಅಪರ್ಚರ್, ಅಂದ್ರೆ ಲೆನ್ಸಿನ ಬೆಳಕಿನ ಕಿಂಡಿ, ಪೂರ್ತಿ ತೆರೆದು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಓರೆಯಾಗಿ ನೋಡು, ಧೂಳಿನ ಚುಕ್ಕೆ ಇದ್ರೆ ತಲೆಕೆಡಿಸ್ಕೋಬೇಡ, ಎಳೆ ಕಂಡ್ರೆ ಪುಕ್ಕಟೆ ಕೊಟ್ರೂ ಬೇಡ. 70-300 ಈಗ್ಲೇ ಬೇಡ ಅಂತೀನಿ, ಮಳೆಗಾಲದ ಕಾಡಲ್ಲಿ ಆ ಲೆನ್ಸಿಗೆ ಬೆಳಕೇ ಸಾಲಲ್ಲ. ಆ ದುಡ್ಡಲ್ಲಿ ಪ್ರತಿಫಲನ ಕತ್ತರಿಸೋ ಸಿಪಿಎಲ್ (ಪೋಲರೈಸರ್) ಫಿಲ್ಟರ್ ಒಂದು ತಗೊಂಡು ಉಳಿದಿದ್ದು ಬಸ್ಸಿಗಿಟ್ಕೋ. ಒದ್ದೆ ಎಲೆ ಮೇಲಿನ ಬಿಳಿ ಹೊಳಪು ಹೋಗಿ ಹಸಿರು ಹೊರಗೆ ಬರತ್ತೆ, ಎಡಿಟಿಂಗಲ್ಲಿ ಇದು ಬರಲ್ಲ. ಒಂದೂವರೆ ಎರಡು ಸ್ಟಾಪ್, ಅಂದ್ರೆ ಅರ್ಧಕ್ಕೂ ಜಾಸ್ತಿ ಬೆಳಕು ತಿನ್ನತ್ತೆ, ಟ್ರೈಪಾಡ್ ಬೇಕಾಗ್ಬೋದು.

ಮತ್ತೆ ಜುಲೈನಲ್ಲಿ ಆಗುಂಬೆ ಸೂರ್ಯಾಸ್ತ ಅಂತ ಬರ್ದಿದೀಯಲ್ಲ, ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಹೊಯ್ಯೋ ಊರಲ್ಲಿ ಈಗ ಸೂರ್ಯನ್ನ ಎಲ್ಲಿ ಹುಡುಕ್ತೀಯ? ಅದಕ್ಕೆ ನವೆಂಬರ್ ಆದ್ಮೇಲೆ ಹೋಗು. ಜೋಗನೂ ಅಷ್ಟೇ, ಈಗ ಬರೀ ಮಂಜೇ ಸಿಗೋ ದಿನ ಜಾಸ್ತಿ, ಸೆಪ್ಟೆಂಬರ್ ಕೊನೆಗೆ ನೀರೂ ಇರತ್ತೆ, ರಾಜಾ ರಾಣಿ ರೋರರ್ ರಾಕೆಟ್ ನಾಲ್ಕೂ ಧಾರೆ ಕಾಣೋ ಛಾನ್ಸೂ ಇರತ್ತೆ. ಈಗ ಆಗುಂಬೆಗೆ ಹೋಗೋದಾದ್ರೆ ಕಪ್ಪೆ ಫೋಟೋಗೆ ಹೋಗು, ಆದ್ರೆ ಕೈಯಲ್ಲಿ ಹಿಡಿದು ಎಲೆ ಮೇಲೆ ಕೂರ್ಸಿ ತೆಗೀಬೇಡ, ಅಂಥಾ ಫೋಟೋ ಈ ಗ್ರೂಪಲ್ಲಿ ಹಾಕಿದ್ರೆ ಬೈಸ್ಕೋತೀಯ. ಕಾಡೊಳಗೆ ಕಾಲಿಡೋ ಮೊದಲು ಅರಣ್ಯ ಇಲಾಖೆಯವ್ರನ್ನ ಕೇಳು.

ಎಸಿ ಬಸ್ಸಲ್ಲಿ ಬಂದಿಳಿದ ತಕ್ಷಣ ಬ್ಯಾಗ್ ತೆರೀಬೇಡ, ತಣ್ಣಗಿರೋ ಗ್ಲಾಸಿಗೆ ಹೊರಗಿನ ಗಾಳಿ ತಾಗಿದ್ರೆ ನೀರು ಕೂರತ್ತೆ, ಅರ್ಧ ಗಂಟೆ ಮುಚ್ಚೇ ಇಡು. ಹಳ್ಳಕ್ಕಿಳಿಸಿದ ಟ್ರೈಪಾಡ್ ಕಾಲು ಮನೆಗೆ ಬಂದ ದಿನಾನೇ ಪೂರ್ತಿ ಎಳೆದು ಒರೆಸಿ ನಿಲ್ಲಿಸು, ಮಡಚಿಟ್ರೆ ಒಳಗೆ ಮರಳು ಸೇರಿ ಲಾಕ್ ಕಚ್ಕೊಳತ್ತೆ. ಇಂಬಳಕ್ಕೆ (ಜಿಗಣೆಗೆ) ಸುಣ್ಣ, ಹೊಗೆಸೊಪ್ಪು ಕಾಲಿಗೆ ಹಚ್ಕೋ, ಆ ಕೈಯಲ್ಲಿ ಮಾತ್ರ ಲೆನ್ಸ್ ಮುಟ್ಬೇಡ.