ಓದುಗರ ಪ್ರಶ್ನೆ, ನಮ್ಮ ಉತ್ತರ: ದಿನಬಳಕೆಗೆ ನಮ್ಮಲ್ಲೇ ತಯಾರಾದ ಸಾಮಾನು

ಪ್ರಶ್ನೆ: ನಮ್ಮ ವಾಟ್ಸಾಪ್ ಗ್ರೂಪಲ್ಲಿ ಸ್ವದೇಶಿ, ವಿದೇಶಿ ಅಂತ ಎರಡು ಕಾಲಂ ಮಾಡಿರೋ ಲಿಸ್ಟ್ ಒಂದು ಬರ್ತಾನೇ ಇರುತ್ತೆ. ಅದನ್ನೇ ಇಟ್ಕೊಂಡು ತಿಂಗಳ ಸಾಮಾನು ತರೋಣ ಅಂತಿದೀವಿ, ನಂಬಬಹುದಾ? ಬಾರ್‌ಕೋಡ್ 890ರಿಂದ ಶುರುವಾದ್ರೆ ಅದು ಇಂಡಿಯಾದ್ದು ಅಂತಾನೂ ಬರೆದಿದಾರೆ. (ಮೈಸೂರಿನ ಓದುಗರು)

ಉತ್ತರ: ನಿಮ್ಮ ಆಲೋಚನೆ ಚೆನ್ನಾಗಿದೆ, ಲಿಸ್ಟ್ ಮಾತ್ರ ಸರಿ ಇಲ್ಲ. ಮೊದಲು ಬಾರ್‌ಕೋಡ್ ವಿಷಯ ಮುಗಿಸಿಬಿಡೋಣ. 890 ಅಂದ್ರೆ ಆ ನಂಬರನ್ನ ಜಿಎಸ್‌1 ಇಂಡಿಯಾ ಅನ್ನೋ ಸಂಸ್ಥೆ ಕೊಟ್ಟಿದೆ ಅಂತ ಅರ್ಥ, ಅಷ್ಟೇ. ಇಲ್ಲಿನ ಕಂಪನಿಯೊಂದು ಹೊರದೇಶದಲ್ಲಿ ಮಾಡಿಸ್ಕೊಂಡು ಬಂದು ಇಲ್ಲಿ ಮಾರಿದ್ರೂ 890 ಇರಬಹುದು, ಹಾಗಾಗಿ ಅದನ್ನ ನೋಡಿ ಏನೂ ತೀರ್ಮಾನ ಮಾಡೋಕಾಗಲ್ಲ.

ಇನ್ನು ಲಿಸ್ಟ್. ನಮ್ಮದು ಅಂತ ನಾವು ಒಂದೇ ಮಾತಲ್ಲಿ ಹೇಳಿಬಿಡ್ತೀವಿ, ಆದ್ರೆ ಸಾಮಾನು ಎಲ್ಲಿ ತಯಾರಾಯ್ತು, ಕಂಪನಿ ಯಾರ ಕೈಲಿದೆ, ಕಚ್ಚಾ ಮಾಲು ಎಲ್ಲಿಂದ ಬಂತು ಅನ್ನೋದು ಬೇರೆ ಬೇರೆ ಪ್ರಶ್ನೆಗಳು, ಉತ್ತರಾನೂ ಬೇರೆ ಬೇರೆ ಬರುತ್ತೆ. ನಿಮ್ಮ ಪಕ್ಕದ ನಂಜನಗೂಡನ್ನೇ ತಗೊಳ್ಳಿ, ಅಲ್ಲಿ ನೆಸ್ಲೆ ಫ್ಯಾಕ್ಟರಿ ಇದೆ. ಕಂಪನಿ ಸ್ವಿಟ್ಜರ್ಲೆಂಡಿನದು, ಲಾಭದಲ್ಲಿ ದೊಡ್ಡ ಪಾಲು, ರಾಯಲ್ಟಿ ಎಲ್ಲ ಅಲ್ಲಿಗೇ ಹೋಗುತ್ತೆ, ಆದ್ರೆ ಶಿಫ್ಟಿಗೆ ಹೋಗೋರು ನಿಮ್ಮ ಸುತ್ತಮುತ್ತಲ ಊರಿನೋರು. ಲಿಸ್ಟಲ್ಲಿ ಇದು ವಿದೇಶಿ. ಅದೇ ಲಿಸ್ಟಲ್ಲಿ ಕ್ಯಾಮ್ಲಿನ್ ಸ್ವದೇಶಿ ಕಾಲಂನಲ್ಲಿದ್ರೆ ಆಶ್ಚರ್ಯ ಇಲ್ಲ, 1931ರಿಂದ ಇಲ್ಲಿರೋ ಹೆಸರು ಅದು, ಆದ್ರೆ 2011ರಲ್ಲಿ ಜಪಾನಿನ ಕೊಕುಯೊ ಅದರ ಹೆಚ್ಚಿನ ಪಾಲು ಕೊಂಡ್ಕೊಂಡಿತು. ಕಂಪನಿಗಳು ಕೈ ಬದಲಾಗ್ತಾ ಇರ್ತವೆ, ಫಾರ್ವರ್ಡ್ ಮಾತ್ರ ಹತ್ತು ವರ್ಷದ ಹಿಂದಿಂದೇ ಓಡಾಡ್ತಿರುತ್ತೆ.

ನನ್ನ ಅಭಿಪ್ರಾಯ ಕೇಳಿದ್ರೆ, ಎಲ್ಲಿ ತಯಾರಾಯ್ತು ಅನ್ನೋದಕ್ಕೆ ಮೊದಲ ಸ್ಥಾನ ಕೊಡಿ, ಯಾಕಂದ್ರೆ ಕೆಲಸ, ಸಂಬಳ ಇರೋದು ಅಲ್ಲಿ. ಎರಡೂ ಇಲ್ಲೇ ತಯಾರಾಗಿ ಕ್ವಾಲಿಟಿನೂ ಸಮ ಇದ್ರೆ ಆಗ ನಮ್ಮವರ ಕಂಪನಿದು ತಗೊಳ್ಳಿ. ಮೈಸೂರ್ ಸ್ಯಾಂಡಲ್ ಸೋಪ್ ತರೋವಾಗ ನೀವು ಇಷ್ಟೆಲ್ಲ ಯೋಚಿಸಬೇಕಾಗಿಲ್ಲ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾದ ಕಾರ್ಖಾನೆ, ಈಗಲೂ ರಾಜ್ಯ ಸರ್ಕಾರದ್ದೇ, ಲಾಭ ಬಂದ್ರೆ ನಮ್ಮ ಖಜಾನೆಗೇ ಬರುತ್ತೆ.

ಅಂಗಡೀಲಿ ಏನು ಮಾಡ್ಬೇಕು ಅಂದ್ರೆ, ಪ್ಯಾಕೆಟ್ ತಿರುಗಿಸಿ. ಸಣ್ಣ ಅಕ್ಷರದಲ್ಲಿ ಮ್ಯಾನುಫ್ಯಾಕ್ಚರ್ಡ್ ಬೈ ಅಂತ ಒಂದು ಅಡ್ರೆಸ್ ಇರುತ್ತೆ, ಮಾರ್ಕೆಟೆಡ್ ಬೈ ಅಂತ ಇನ್ನೊಂದು ಇರುತ್ತೆ. ದೊಡ್ಡ ಕಂಪನಿ ಹೆಸರು ಎರಡನೇದ್ರಲ್ಲಿದ್ದು ಮೊದಲನೇದ್ರಲ್ಲಿ ಯಾವುದೋ ಇಂಡಸ್ಟ್ರಿಯಲ್ ಏರಿಯಾದ ಸಣ್ಣ ಘಟಕದ ಹೆಸರಿರೋದು ತುಂಬಾ ಕಾಮನ್, ನಿಮಗೆ ಬೇಕಾಗಿರೋದು ಆ ಮೊದಲನೇದು. ಇಂಪೋರ್ಟೆಡ್ ಬೈ ಅಂತಿದ್ರೆ ಅಲ್ಲೇ ಗೊತ್ತಾಯ್ತು. ಹೊರಗಿಂದ ಬಂದ ಪ್ಯಾಕೆಟ್ ಮೇಲೆ ಯಾವ ದೇಶದ್ದು ಅಂತ ಹಾಕ್ಲೇಬೇಕು, ಅದಕ್ಕೆ ಲೀಗಲ್ ಮೆಟ್ರಾಲಜಿ, ಅಂದ್ರೆ ಅಳತೆ-ತೂಕದ ಕಾನೂನಿನ ನಿಯಮ ಇದೆ, ಆನ್‌ಲೈನ್ ಸೈಟ್‌ಗಳೂ ಕಂಟ್ರಿ ಆಫ್ ಒರಿಜಿನ್ ತೋರಿಸ್ಬೇಕು. ಸ್ವಲ್ಪ ಕೆಳಗೆ ಸ್ಕ್ರೋಲ್ ಮಾಡಿದ್ರೆ ಸಿಗುತ್ತೆ.

ಪ್ರಶ್ನೆ: ಮನೇಲಿರೋ ವಿದೇಶಿ ಸಾಮಾನೆಲ್ಲ ತೆಗೆದು ಹಾಕ್ಬೇಕು ಅಂತ ಮಗ ಹಠ ಹಿಡಿದಿದಾನೆ. (ದಾವಣಗೆರೆ)

ಉತ್ತರ: ಬೇಡ. ದುಡ್ಡು ಕೊಟ್ಟಾಗಿದೆ, ಬಿಸಾಕಿದ್ರೆ ಕಸ ಆಗುತ್ತೆ, ಯಾರಿಗೂ ಲಾಭ ಇಲ್ಲ. ಖಾಲಿಯಾದ ಹಾಗೆ ಒಂದೊಂದೇ ಬದಲಾಯಿಸಿ. ಮುಂದಿನದು ಯಾವುದು ಅಂತ ಹುಡುಕೋ ಕೆಲಸಾನ ಮಗನಿಗೇ ಕೊಡಿ, ಅಷ್ಟು ಆಸಕ್ತಿ ಇರೋ ಹುಡುಗ ಖಂಡಿತ ಚೆನ್ನಾಗಿ ಮಾಡ್ತಾನೆ.

ಪ್ರಶ್ನೆ: ಅಡುಗೆ ಎಣ್ಣೆ ಬಗ್ಗೆ ಯಾರೂ ಮಾತಾಡಲ್ಲ ಯಾಕೆ? ನಾವು ತರೋದು ಇಲ್ಲಿನ ಕಂಪನಿದೇ, ಅದು ಸ್ವದೇಶಿ ತಾನೇ? (ಚಿತ್ರದುರ್ಗ)

ಉತ್ತರ: ಈ ಪ್ರಶ್ನೆ ಬಂದಿದ್ದು ನಿಜಕ್ಕೂ ಖುಷಿ ಆಯ್ತು. ಸೋಪು, ಪೇಸ್ಟ್ ಬಗ್ಗೆ ನಾವು ಅಷ್ಟು ವಾದ ಮಾಡ್ತೀವಿ, ಆದ್ರೆ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಲಿ ಅರ್ಧಕ್ಕಿಂತ ಹೆಚ್ಚು ಹೊರಗಿಂದ ಬರ್ತಿದೆ. ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ, ಸೂರ್ಯಕಾಂತಿ ಎಣ್ಣೆ ಬಹುಪಾಲು ರಷ್ಯಾ, ಯುಕ್ರೇನ್, ಅರ್ಜೆಂಟೀನಾದಿಂದ, ಸೋಯಾ ಎಣ್ಣೆ ಅರ್ಜೆಂಟೀನಾ, ಬ್ರೆಜಿಲ್ ಕಡೆಯಿಂದ. ಕಂಪನಿ ನಮ್ಮದು, ಪ್ಯಾಕ್ ಮಾಡಿದ್ದು ಇಲ್ಲೇ, ಒಳಗಿರೋದು ಹಡಗಲ್ಲಿ ಬಂದಿದ್ದು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಎಣ್ಣೆ ರೇಟ್ ಹೇಗೆ ಏರ್ತು ನೆನಪಿದೆಯಲ್ಲ, ಅದೇ ಏಪ್ರಿಲ್ ಕೊನೇಲಿ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತು ಬೇರೆ ನಿಲ್ಲಿಸ್ತು, ಸುಮಾರು ಮೂರು ವಾರ. ಎಲ್ಲೋ ದೂರದ ತೀರ್ಮಾನಕ್ಕೆ ನಮ್ಮ ಒಗ್ಗರಣೆ ಖರ್ಚು ಜಾಸ್ತಿ ಆಯ್ತು.

ನಿಮ್ಮ ಜಿಲ್ಲೆಲೇ ಚಳ್ಳಕೆರೆ ಇದೆ, ಎಣ್ಣೆ ಊರು ಅಂತಲೇ ಹೆಸರು, ಸುತ್ತ ಶೇಂಗಾ ಬೆಳೀತಾರೆ. ಕಡ್ಲೆಕಾಯಿ ಎಣ್ಣೆ, ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ ಬಹುಮಟ್ಟಿಗೆ ನಮ್ಮ ರೈತರ ಬೆಳೆಯಿಂದಲೇ ಬರೋದು. ರೇಟ್ ಜಾಸ್ತಿ ಅನ್ನೋದು ನಿಜ, ಅದನ್ನ ಮುಚ್ಚಿಡಲ್ಲ. ಪೂರ್ತಿ ಬದಲಾಯಿಸೋಕೆ ಆಗದೇ ಇದ್ರೆ ಒಗ್ಗರಣೆಗೆ, ಚಟ್ನಿಪುಡಿಗೆ ಕಡ್ಲೆಕಾಯಿ ಎಣ್ಣೆ ಇಡಿ, ಕರಿಯೋದನ್ನ ಕಮ್ಮಿ ಮಾಡಿ, ತಿಂಗಳ ಲೆಕ್ಕದಲ್ಲಿ ಅಷ್ಟೇನೂ ಭಾರ ಬೀಳಲ್ಲ. ಬಿಸ್ಕೆಟ್, ಚಿಪ್ಸ್ ಪ್ಯಾಕೆಟಲ್ಲೂ ಇಂಗ್ರಿಡಿಯೆಂಟ್ಸ್ ಓದಿ, ಪಾಮ್ ಅಥವಾ ಪಾಮೋಲಿನ್ (ಎರಡೂ ತಾಳೆ ಎಣ್ಣೆನೇ) ಅನ್ನೋ ಪದ ಎಷ್ಟು ಕಡೆ ಸಿಗುತ್ತೆ ಅಂತ ನೀವೇ ನೋಡ್ತೀರ.

ಪ್ರಶ್ನೆ: ಮೊಮ್ಮಗಳಿಗೆ ಆಟಿಕೆ ತಗೋಬೇಕು. ಐಎಸ್ಐ ಮಾರ್ಕ್ ಇದ್ರೆ ನಮ್ಮ ದೇಶದ್ದು ಅಂತ ಅಂಗಡಿಯವರು ಹೇಳಿದ್ರು. ಚನ್ನಪಟ್ಟಣದ ಗೊಂಬೆ ಮೇಲೆ ಆ ಮಾರ್ಕೇ ಕಾಣಲಿಲ್ಲ. (ತುಮಕೂರು)

ಉತ್ತರ: ಐಎಸ್ಐ ಮಾರ್ಕ್ ಹೇಳೋದು ಗುಣಮಟ್ಟದ ಬಗ್ಗೆ, ದೇಶದ ಬಗ್ಗೆ ಅಲ್ಲ, ಆ ಮಾರ್ಕ್ ಕೊಡೋ ಸರ್ಕಾರಿ ಸಂಸ್ಥೆ ಬಿಐಎಸ್ ಹೊರದೇಶದ ಫ್ಯಾಕ್ಟರಿಗಳಿಗೂ ಲೈಸೆನ್ಸ್ ಕೊಡುತ್ತೆ. 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ, ಆದ್ರೆ ಜಿಐ ಟ್ಯಾಗ್ (ಇದು ಇಂಥ ಊರಿನದ್ದೇ ವಿಶೇಷ ಅನ್ನೋ ಸರ್ಕಾರಿ ಗುರುತು) ಇರೋ ಆಟಿಕೆಗಳನ್ನ ನೋಂದಾಯಿತ ಕುಶಲಕರ್ಮಿಗಳು ಮಾಡಿದ್ರೆ ವಿನಾಯಿತಿ ಇದೆ. ಹಾಗಾಗಿ ಚನ್ನಪಟ್ಟಣದ್ದಕ್ಕೆ ಮಾರ್ಕ್ ಇಲ್ಲ ಅಂತ ಚಿಂತೆ ಬೇಡ.

ಆ ಗೊಂಬೆ ಮಾಡೋದನ್ನ ಒಂದ್ಸಲ ಹೋಗಿ ನೋಡಿ, ಮೊಮ್ಮಗಳನ್ನೂ ಕರ್ಕೊಂಡು ಹೋಗಿ. ಹಾಲೆ ಮರದ ತುಂಡು ಲೇತ್ ಮೇಲೆ ಗಿರಗಿರ ತಿರುಗ್ತಿರುತ್ತೆ, ಬಣ್ಣ ಬೆರೆಸಿದ ಅರಗಿನ ಕಡ್ಡಿನ ಅದಕ್ಕೆ ಒತ್ತಿ ಹಿಡೀತಾರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟ್ಕೊಳ್ಳುತ್ತೆ, ಬ್ರಶ್ಶೂ ಇಲ್ಲ ಪೇಂಟೂ ಇಲ್ಲ. ಆಮೇಲೆ ಕೇದಗೆ ಜಾತಿಯ ಎಲೆ ಹಿಡಿದು ತಿಕ್ಕಿದ್ರೆ ಆ ಹೊಳಪು ಬರುತ್ತೆ. ಮಾಡಿದೋರ ಕೈಯಿಂದಲೇ ತಗೊಂಡ್ರೆ ನಕಲಿ ಭಯಾನೂ ಇಲ್ಲ, ದುಡ್ಡೂ ನೇರವಾಗಿ ಅವರಿಗೇ ಸೇರುತ್ತೆ.

ಪ್ರಶ್ನೆ: ಖಾದಿ ಅಂತ ಕೊಂಡಿದ್ದು ಅಸಲಿನಾ ಅಂತ ತಿಳಿಯೋದು ಹೇಗೆ? (ಬೆಳಗಾವಿ)

ಉತ್ತರ: ಖಾದಿ ಅಂದ್ರೆ ನೂಲೂ ಕೈಯಲ್ಲೇ, ನೇಯ್ಗೆನೂ ಕೈಯಲ್ಲೇ. ಮಿಲ್ ನೂಲನ್ನ ಕೈಯಲ್ಲಿ ನೇಯ್ದಿದ್ರೆ ಅದು ಕೈಮಗ್ಗದ ಬಟ್ಟೆ, ಒಳ್ಳೇದೇ, ಆದ್ರೆ ಖಾದಿ ಅಲ್ಲ. ಖಾದಿ ಮಾರ್ಕ್ ಇರೋ ಟ್ಯಾಗ್ ಕೇಳಿ. ಬಟ್ಟೇನ ಬೆಳಕಿಗೆ ಹಿಡಿದ್ರೆ ಎಳೆ ಒಂದು ಕಡೆ ದಪ್ಪ ಒಂದು ಕಡೆ ತೆಳು ಕಾಣುತ್ತೆ, ಎಲ್ಲ ಎಳೆನೂ ಒಂದೇ ಸಮ ಇದ್ರೆ ಅನುಮಾನ ಪಡಿ.

ಇನ್ನೊಂದು ಮಾತು ಸೇರಿಸ್ತೀನಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಿಂದ ಇರೋ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ಹೊಲೀತಾರೆ, ಕೆಲಸ ಮಾಡೋರಲ್ಲಿ ಹೆಚ್ಚಿನೋರು ಹೆಣ್ಣುಮಕ್ಕಳು. 2021ರ ಡಿಸೆಂಬರ್ ಕೊನೇಲಿ ಧ್ವಜ ಸಂಹಿತೆ ತಿದ್ದುಪಡಿ ಆಗಿ ಪಾಲಿಯೆಸ್ಟರ್, ಮೆಷಿನ್ ಬಟ್ಟೆಗೂ ಅನುಮತಿ ಸಿಕ್ಕಿದ ಮೇಲೆ ಅವರಿಗೆ ಪೆಟ್ಟು ಬಿತ್ತು, ಪ್ರತಿಭಟನೆನೂ ನಡೀತು. ನಿಮ್ಮ ಶಾಲೆಗೋ ಆಫೀಸಿಗೋ ಧ್ವಜ ತರಿಸೋ ಮಾತು ಬಂದ್ರೆ ದಯವಿಟ್ಟು ಖಾದಿದೇ ತರಿಸಿ.

ಪ್ರಶ್ನೆ: ನಮ್ಮ ದೇಶದ್ದು ಅಂತ ಕಳಪೆ ಮಾಲು ತಗೋಬೇಕಾ? (ಬೆಂಗಳೂರು)

ಉತ್ತರ: ಬೇಕಾಗಿಲ್ಲ, ತಗೋಬಾರದು ಕೂಡ. ಸೋಪಿಗೆ ಟಿಎಫ್ಎಂ, ಅಂದ್ರೆ ಅದರಲ್ಲಿರೋ ಒಟ್ಟು ಕೊಬ್ಬಿನಂಶ ನೋಡಿ, ಶೇಕಡಾ 76 ಮತ್ತು ಮೇಲಿದ್ರೆ ಗ್ರೇಡ್ 1, ಬ್ರಾಂಡ್ ಯಾವ ದೇಶದ್ದಾದ್ರೂ ಅಳತೆ ಅದೇ. ಒಂದು ಸಾಮಾನು ಚೆನ್ನಾಗಿಲ್ಲ ಅಂದ್ರೆ ಬಿಟ್ಟು ನಮ್ಮದೇ ಇನ್ನೊಂದು ಬ್ರಾಂಡ್ ನೋಡಿ, ಸೋಪು, ಪೇಸ್ಟ್, ಟೀಪುಡಿ, ಕುಕ್ಕರ್ ಇವುಗಳಲ್ಲಿ ಆಯ್ಕೆಗೆ ಬರ ಇಲ್ಲ.

ಪ್ರಶ್ನೆ: ಊದುಬತ್ತಿ ಕಡ್ಡಿನೂ ಹೊರಗಿಂದ ಬರುತ್ತೆ ಅಂತ ಕೇಳಿದೆ, ನಿಜನಾ? (ಶಿವಮೊಗ್ಗ)

ಉತ್ತರ: ಬರ್ತಿತ್ತು, ವಿಯೆಟ್ನಾಂ, ಚೀನಾದಿಂದ ಬಿದಿರು ಕಡ್ಡಿ ರಾಶಿರಾಶಿ ಬರ್ತಿತ್ತು. 2019ರಲ್ಲಿ ಸರ್ಕಾರ ಊದುಬತ್ತಿ ಆಮದಿಗೆ ನಿರ್ಬಂಧ ಹಾಕ್ತು, 2020ರಲ್ಲಿ ಬಿದಿರು ಕಡ್ಡಿ ಮೇಲಿನ ಸುಂಕ ಶೇಕಡಾ 25ಕ್ಕೆ ಏರಿಸ್ತು. ಆದ್ರೆ ನಿಮ್ಮ ಕೈಲಿರೋ ಕಡ್ಡಿ ಎಲ್ಲಿದು ಅಂತ ಪ್ಯಾಕೆಟ್ ನೋಡಿದ್ರೆ ಸಾಮಾನ್ಯವಾಗಿ ತಿಳಿಯಲ್ಲ. ಪ್ಯಾಕೆಟ್ ಮೇಲೆ ಕನ್ಸ್ಯೂಮರ್ ಕೇರ್ ನಂಬರ್ ಹಾಕೋದು ಕಡ್ಡಾಯ, ಅದಕ್ಕೆ ಫೋನ್ ಮಾಡಿ ನೇರವಾಗಿ ಕೇಳಿ. ನಾಲ್ಕು ಜನ ಕೇಳೋಕೆ ಶುರು ಮಾಡಿದ್ರೆ ಕಂಪನಿಯವರೇ ಅದನ್ನ ಪ್ಯಾಕೆಟ್ ಮೇಲೆ ಬರೀತಾರೆ.