ಮಗನಿಗೆ 18 ತುಂಬಿದ ಮೇಲೆ ಸಹಿ ಯಾರದು?

ಪ್ರಶ್ನೆ: ನನ್ನ ಮಗನಿಗೆ 21 ವರ್ಷ, ಬುದ್ಧಿಮಾಂದ್ಯತೆ ಇದೆ. ಯಜಮಾನರು ತೀರಿಕೊಂಡಿದ್ದಾರೆ. ಮಗನ ಹೆಸರಿನಲ್ಲಿ ಖಾತೆ ತೆರೆಯಲು ಹೋದರೆ ಬ್ಯಾಂಕಿನವರು ಗಾರ್ಡಿಯನ್ ಪ್ರಮಾಣಪತ್ರ ಕೇಳುತ್ತಾರೆ. ಹೆತ್ತ ತಾಯಿಗೂ ಅದು ಬೇಕೇ? ಕೋರ್ಟಿಗೆ ಹೋಗಬೇಕೇ?
– ಓದುಗರು, ಹಾಸನ

ಉತ್ತರ: ಬೇಕು. ಮಗನಿಗೆ 18 ತುಂಬಿದ ದಿನವೇ ತಂದೆತಾಯಿಯ ಸಹಜ ಪೋಷಕತ್ವ, ಅಂದರೆ ಗಾರ್ಡಿಯನ್ ಸ್ಥಾನ, ಮುಗಿಯುತ್ತದೆ. ಆದರೆ ಕೋರ್ಟು ಬೇಡ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಯೇ ಪೋಷಕರನ್ನು ನೇಮಿಸುತ್ತದೆ. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ, 'ಎ' ನಮೂನೆಯಲ್ಲಿ ಅರ್ಜಿ ಹಾಕಿ. ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಮಗನ ವಯಸ್ಸಿನ ದಾಖಲೆ, ನಿಮ್ಮಿಬ್ಬರ ಆಧಾರ್, ಯಜಮಾನರ ಮರಣ ಪ್ರಮಾಣಪತ್ರ ಜೊತೆಗಿರಲಿ. ಬಹಳ ಜನ ಆದೇಶ ಕೈಗೆ ಬಂದ ಮೇಲೆ ಸುಮ್ಮನಾಗುತ್ತಾರೆ, ಎಡವುವುದೇ ಅಲ್ಲಿ. ನೇಮಕವಾದ 6 ತಿಂಗಳೊಳಗೆ ಮಗನ ಆಸ್ತಿ, ಸಾಲಗಳ ಪಟ್ಟಿ ಸಮಿತಿಗೆ ಕೊಡಬೇಕು. ಆಮೇಲೆ ಪ್ರತಿ ವರ್ಷ ಜೂನ್ 30ರೊಳಗೆ ಲೆಕ್ಕ ಒಪ್ಪಿಸಬೇಕು. ಆಸ್ತಿ ದುರುಪಯೋಗವಾದರೆ ಪೋಷಕರನ್ನು ತೆಗೆಯಿರಿ ಎಂದು ನೆಂಟರೂ ಅರ್ಜಿ ಹಾಕಬಹುದು. ಪಾಸ್‌ಬುಕ್, ಖರ್ಚಿನ ರಸೀದಿ ಜೋಪಾನ.

ಪ್ರಶ್ನೆ: ತಮ್ಮನಿಗೆ ಸ್ಕಿಜೋಫ್ರೇನಿಯಾ. ನಮಗೆ ತಿಳಿಸದೆ ಜಮೀನಿನ ಕ್ರಯಪತ್ರಕ್ಕೆ ಸಹಿ ಹಾಕಿದ್ದಾನೆ. ಕಾಯಿಲೆಯ ಸರ್ಟಿಫಿಕೇಟ್ ತೋರಿಸಿದರೆ ರದ್ದಾಗುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಅದೊಂದೇ ಸಾಲದು. ಮಾನಸಿಕ ಕಾಯಿಲೆ ಇದೆ ಎಂದಮಾತ್ರಕ್ಕೆ ಅಸ್ವಸ್ಥಚಿತ್ತ ಎನ್ನುವಂತಿಲ್ಲ, ಅದನ್ನು ಕೋರ್ಟೇ ಹೇಳಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಕರಾರು ಕಾಯ್ದೆಯ 12ನೇ ಕಲಮಿನ ಪ್ರಕಾರ ಸ್ಥಿಮಿತವಿದ್ದ ಹೊತ್ತಿನಲ್ಲಿ ಮಾಡಿದ ಕರಾರು ಊರ್ಜಿತ. ಸಹಿ ಹಾಕಿದ ದಿನ ಏನು ಬರೆದಿದೆ, ಅದರ ಪರಿಣಾಮವೇನು ಎಂದು ಅವರಿಗೆ ತಿಳಿಯುತ್ತಿತ್ತೇ ಎಂಬುದೇ ಪ್ರಶ್ನೆ. ಆ ವಾರಗಳ ಒಪಿಡಿ ಚೀಟಿ, ಔಷಧದ ದಾಖಲೆಗಳೇ ಸಾಕ್ಷಿ. ಆಸ್ಪತ್ರೆಯಿಂದ ಅವನ್ನು ಕೇಳಿ ಪಡೆಯುವ ಹಕ್ಕು ತಮ್ಮನಿಗಿದೆ. ತಡಮಾಡದೆ ಸಿವಿಲ್ ವಕೀಲರನ್ನು ಕಾಣಿ.

ಮೊದಲ ಉತ್ತರದಲ್ಲಿ ಹೇಳಿದ ಸ್ಥಳೀಯ ಮಟ್ಟದ ಸಮಿತಿ ನಿಮ್ಮ ನೆರವಿಗೆ ಬಾರದು. 1999ರ ಆ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯಗಳಿಗೆ ಮಾತ್ರ. ನಿಮ್ಮ ದಾರಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಕಲಂ, ಅಂದರೆ ಸೀಮಿತ ಪೋಷಕತ್ವ. ಅದರಲ್ಲೂ ತಮ್ಮನನ್ನು ಬದಿಗಿಟ್ಟು ತೀರ್ಮಾನಿಸುವಂತಿಲ್ಲ, ಇಬ್ಬರೂ ಕೂಡಿಯೇ ನಿರ್ಧರಿಸಬೇಕು. ಚಿಕಿತ್ಸೆಯ ಮಟ್ಟಿಗಾದರೆ ಅವರು ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿ ನಿಮ್ಮನ್ನು ಪ್ರತಿನಿಧಿಯಾಗಿ ನೇಮಿಸಬಹುದು. ಆ ಹಾಳೆ ಆಸ್ಪತ್ರೆಯಲ್ಲಿ ನಡೆಯುತ್ತದೆ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯುವುದಿಲ್ಲ.