ಏನನ್ನೂ ಕೇಳದ ಮಗಳು

ಪ್ರಶ್ನೆ: ನಮಗೆ ಐದು ಮಕ್ಕಳು. ದೊಡ್ಡವಳಿಗೆ 16, ಕೊನೆಯವನಿಗೆ 3. ನಮ್ಮ ಯಜಮಾನರ ಸಂಬಳವೇ ಆಧಾರ. ನಾನು ಮನೆಯಲ್ಲೇ ಹೊಲಿಗೆ ಮಾಡಿ ಅಷ್ಟಿಷ್ಟು ಸೇರಿಸುತ್ತೇನೆ. ಪ್ರತಿ ವರ್ಷ ಶಾಲೆ ಶುರುವಾಗುವಾಗ ತಿಂಗಳಿಗೆ ನೂರಕ್ಕೆ ಮೂರರಂತೆ ಸಾಲ ತರುತ್ತೇವೆ. ವರ್ಷವಿಡೀ ಅದನ್ನೇ ತೀರಿಸುತ್ತೇವೆ. ಹೋದ ವಾರ ದೊಡ್ಡವಳ ಬ್ಯಾಗಿನಲ್ಲಿ ಶಾಲೆಯ ಪ್ರವಾಸದ ಚೀಟಿ ಸಿಕ್ಕಿತು. ಹಣ ಕಟ್ಟುವ ದಿನ ಮುಗಿದುಹೋಗಿತ್ತು. ಕೇಳಿದರೆ 'ನನಗೇ ಇಷ್ಟ ಇರಲಿಲ್ಲಮ್ಮ' ಅಂದಳು. ಅವಳು ಯಾವತ್ತೂ ಏನೂ ಕೇಳುವುದಿಲ್ಲ. ಚಿಕ್ಕವರನ್ನೆಲ್ಲ ಅವಳೇ ನೋಡಿಕೊಳ್ಳುತ್ತಾಳೆ. ಮನೆಯ ಪರಿಸ್ಥಿತಿಯನ್ನು ಮಕ್ಕಳಿಗೆ ಬಿಡಿಸಿ ಹೇಳೋಣ ಎಂದು ನಾನು, ಮಕ್ಕಳ ತಲೆಗೆ ಅದೆಲ್ಲ ಹಾಕಬೇಡ ಎಂದು ಅವರು. 'ಇಷ್ಟೊಂದು ಮಕ್ಕಳು ಯಾಕೆ ಬೇಕಿತ್ತು' ಎಂದು ನೆಂಟರು ಆಡಿಕೊಳ್ಳುತ್ತಾರೆ. ನನಗೆ ಎರಡು ತಿಂಗಳಿಂದ ಹಲ್ಲುನೋವು. ಅದನ್ನೂ ಯಾರಿಗೂ ಹೇಳಿಲ್ಲ. ನಾವು ಮಕ್ಕಳಿಗೆ ಅನ್ಯಾಯ ಮಾಡಿದೆವಾ?

ಉತ್ತರ: ಆ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ನೀವು ಎಷ್ಟು ಹೊತ್ತು ನಿಂತಿರಬಹುದು ಎಂದು ಯೋಚಿಸುತ್ತಲೇ ಇದನ್ನು ಬರೆಯುತ್ತಿದ್ದೇನೆ.

ನೆಂಟರ ಮಾತನ್ನು ಬೇಗ ಮುಗಿಸಿಬಿಡೋಣ. ಐವರೂ ಹುಟ್ಟಿ, ಬೆಳೆದು, ಮನೆ ತುಂಬಿದ್ದಾರೆ. ಈಗ ಆ ಪ್ರಶ್ನೆಗೆ ಉತ್ತರ ಹುಡುಕಿ ಯಾರಿಗೂ ಪ್ರಯೋಜನವಿಲ್ಲ. ಅದು ಮಕ್ಕಳ ಕಿವಿಗೆ ಬಿದ್ದರೆ ಮಾತ್ರ ದೊಡ್ಡ ಗಾಯ ಆಗುತ್ತದೆ. ಇನ್ನೊಮ್ಮೆ ಯಾರಾದರೂ ಮಕ್ಕಳೆದುರು ಹಾಗೆ ಅಂದರೆ, ಅಲ್ಲಿಯೇ ತಡೆಯಿರಿ. ಅದಕ್ಕೆ ಸಂಕೋಚ ಬೇಡ.

ಇನ್ನು ಲೆಕ್ಕದ ಮಾತು. ಏಳು ಜನರ ಮನೆಗೆ ಒಬ್ಬರ ಖರ್ಚಿನ ಏಳು ಪಟ್ಟು ಬೇಕಾಗುವುದಿಲ್ಲ. ಯುರೋಪಿನ ಅಂಕಿ-ಅಂಶ ಇಲಾಖೆಗಳು ಬಳಸುವ ಒಂದು ಅಳತೆ ಇದೆ. ಮನೆಯ ಮೊದಲ ದೊಡ್ಡವರಿಗೆ 1, ಆಮೇಲೆ 14 ವರ್ಷ ದಾಟಿದ ಪ್ರತಿಯೊಬ್ಬರಿಗೆ 0.5, ಅದಕ್ಕಿಂತ ಚಿಕ್ಕ ಮಕ್ಕಳಿಗೆ ತಲಾ 0.3. ದೊಡ್ಡವಳನ್ನು ಬಿಟ್ಟು ಉಳಿದವರೆಲ್ಲ 14ರೊಳಗಿನವರು ಎಂದುಕೊಂಡರೆ ನಿಮ್ಮ ಮನೆಗೆ 3.2 ಬರುತ್ತದೆ. ಸೂರು, ದೀಪ, ಒಲೆ, ಪುಸ್ತಕ, ಬಟ್ಟೆ ಎಲ್ಲ ಹಂಚಿಕೆಯಾಗುತ್ತವೆ. ಅದು ಸುಮ್ನೆ ಆಗಿದ್ದಲ್ಲ. ಒಬ್ಬರದನ್ನು ಇನ್ನೊಬ್ಬರಿಗೆ ಸರಿಹೊಂದಿಸಿ ಹೊಲಿದ ನಿಮ್ಮ ಕೈಗಳ ಕೆಲಸ ಅದು.

ಆದರೆ ಅಪ್ಪ ಅಮ್ಮನ ಹೊತ್ತು ಹಾಗೆ ಹಂಚಿಕೆಯಾಗುವುದಿಲ್ಲ. ಅಮೆರಿಕದ ಜೋಸೆಫ್ ಪ್ರೈಸ್ ಎಂಬ ಅರ್ಥಶಾಸ್ತ್ರಜ್ಞ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ವಯಸ್ಸಿನಲ್ಲಿ ಹೋಲಿಸಿದಾಗ ಮೊದಲ ಮಗುವಿಗೆ ತಂದೆ ತಾಯಿಯ ಜೊತೆ ಎರಡನೆಯ ಮಗುವಿಗಿಂತ ದಿನಕ್ಕೆ 20ರಿಂದ 30 ನಿಮಿಷ ಜಾಸ್ತಿ ಸಿಗುತ್ತದೆ ಎಂದು ಕಂಡಿತು. ನಿಮ್ಮ ಮನೆಯಲ್ಲಿ ಅದು ತಿರುಗುಮುರುಗಾಗಿದೆ ಅಂತ ನನಗೆ ಅನಿಸುತ್ತದೆ. ದೊಡ್ಡವಳು ನಿಮ್ಮ ಹೊತ್ತನ್ನು ಪಡೆಯುವ ಬದಲು ತನ್ನ ಹೊತ್ತನ್ನು ನಿಮಗೆ ಕೊಡುತ್ತಿದ್ದಾಳೆ. ಒಳ್ಳೆಯ ಹುಡುಗಿ, ಜವಾಬ್ದಾರಿಯ ಹುಡುಗಿ ಎಂದು ಎಲ್ಲರೂ ಹೊಗಳಿರುತ್ತಾರೆ. ಆ ಹೊಗಳಿಕೆಯಿಂದ ಹೊರಗೆ ಬರುವುದು ಮಗುವಿಗೆ ತುಂಬಾ ಕಷ್ಟ.

ನಾನೂ ಆರು ಮಕ್ಕಳ ಮನೆಯಲ್ಲಿ ಬೆಳೆದವಳು. ನಮ್ಮ ದೊಡ್ಡಕ್ಕನೂ ಏನೂ ಕೇಳುತ್ತಿರಲಿಲ್ಲ. ಅವಳಿಗೆ ಆಸೆಗಳೇ ಇಲ್ಲ ಎಂದು ನಾವೆಲ್ಲ ನಂಬಿದ್ದೆವು. ಅವಳಿಗೆ ಐವತ್ತಾದ ಮೇಲೆ ಒಂದು ದಿನ, ತಾನು ಸಂಗೀತ ಕಲಿಯಬೇಕೆಂದು ಎಷ್ಟು ಆಸೆಪಟ್ಟಿದ್ದೆ ಎಂದು ಹೇಳಿದಳು. ಅಮ್ಮ ಆಗ ಇರಲಿಲ್ಲ. 'ಕೇಳಿದ್ದರೆ ಅಮ್ಮ ಆಗಲ್ಲ ಅಂತಿದ್ದಳೇನೋ. ಆದರೆ ನನಗೆ ಅದು ಬೇಕಿತ್ತು ಅಂತ ಅವಳಿಗೆ ಗೊತ್ತಾದರೂ ಆಗುತ್ತಿತ್ತು' ಅಂದಳು. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹೇಳಿ. ನಿಮ್ಮ ಯಜಮಾನರು ಮಕ್ಕಳನ್ನು ಕಾಪಾಡಬೇಕೆಂದೇ ಬೇಡ ಅನ್ನುತ್ತಿದ್ದಾರೆ, ಅದು ಪ್ರೀತಿಯೇ. ಆದರೆ ದೊಡ್ಡವಳಿಗೆ ಆಗಲೇ ಗೊತ್ತಿದೆ. ಆ ಚೀಟಿಯೇ ಸಾಕ್ಷಿ. ಎಷ್ಟು ಸಂಬಳ, ಎಷ್ಟು ಸಾಲ ಎಂಬುದು ತಿಳಿಯದೆ, ಬಾಗಿಲ ಹಿಂದಿನ ಪಿಸುಮಾತು ಕೇಳಿ ತಾನೇ ಲೆಕ್ಕ ಹಾಕಿದ್ದಾಳೆ. ಕತ್ತಲಲ್ಲಿ ಹಾಕಿದ ಲೆಕ್ಕ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ ಅಲ್ವಾ?

ಹೇಗೆ ಹೇಳುತ್ತೀರಿ ಎಂಬುದು ಮುಖ್ಯ. ಅಮೆರಿಕದ ಅಯೋವಾ ರಾಜ್ಯದಲ್ಲಿ 1980ರ ದಶಕದಲ್ಲಿ ರೈತರು ಸಾಲದಲ್ಲಿ ಮುಳುಗಿದ್ದರು. ಅಲ್ಲಿನ 450ಕ್ಕೂ ಹೆಚ್ಚು ಕುಟುಂಬಗಳನ್ನು ರ‍್ಯಾಂಡ್ ಕಾಂಗರ್ ಮತ್ತು ಅವರ ಜೊತೆಗಾರರು 1989ರಿಂದ ವರ್ಷಗಟ್ಟಲೆ ಗಮನಿಸಿದರು. ಹಣದ ಕಷ್ಟ ಮಕ್ಕಳನ್ನು ತಟ್ಟಿದ್ದು ಹೆಚ್ಚಾಗಿ ತಂದೆ ತಾಯಿಯ ಮೂಲಕ. ಅವರ ಕುಗ್ಗಿದ ಮನಸ್ಸು, ಅವರ ನಡುವಿನ ಜಗಳ, ಮಕ್ಕಳ ಮೇಲಿನ ಸಿಡುಕು. ಆದ್ದರಿಂದ ನೀವಿಬ್ಬರೂ ಮೊದಲು ಮಾತಾಡಿಕೊಳ್ಳಿ. ಸಾಲದ ಕಂತು ಕಟ್ಟುವ ದಿನ ಮಾತ್ರ ಬೇಡ. ಸಮಾಧಾನದ ಒಂದು ಸಂಜೆ ಆ ಚೀಟಿಯನ್ನು ಅವರ ಕೈಗೆ ಕೊಡಿ. ನೀವು ವಾದ ಮಾಡಬೇಕಾಗಿಯೇ ಬರುವುದಿಲ್ಲ.

ಆಮೇಲೆ ಇಬ್ಬರೂ ಸೇರಿ ದೊಡ್ಡವಳನ್ನು ಕೂರಿಸಿಕೊಳ್ಳಿ. ಅವಳೊಬ್ಬಳನ್ನೇ. ತಿಂಗಳಿಗೆ ಬರುವುದೆಷ್ಟು, ಹೋಗುವುದೆಷ್ಟು ಎಂದು ಕಾಗದದಲ್ಲಿ ತೋರಿಸಿ. ಅವಳಿಗೆ 16, ಅರ್ಥವಾಗುತ್ತದೆ. ಆದರೆ ದಯವಿಟ್ಟು ಅವಳಿಂದ ಪರಿಹಾರ ಕೇಳಬೇಡಿ. 'ಏನು ಮಾಡೋಣ ಹೇಳು ಮಗಳೇ' ಎಂದುಬಿಟ್ಟರೆ, ಓದು ಬಿಟ್ಟು ಕೆಲಸಕ್ಕೆ ಹೋಗುತ್ತೇನೆ ಅನ್ನುತ್ತಾಳೆ. ಖಂಡಿತ ಅನ್ನುತ್ತಾಳೆ. ಅದರ ಬದಲು ಹೀಗೆ ಹೇಳಿ: 'ಸಾಲ ತೀರಿಸುವುದು ನನ್ನ ಮತ್ತು ಅಪ್ಪನ ಕೆಲಸ. ನಿನಗೆ ಏನು ಬೇಕೋ ಅದನ್ನು ಕೇಳುವುದು ನಿನ್ನ ಕೆಲಸ. ಆಗುತ್ತೆ, ಆಗಲ್ಲ ಅಂತ ನಾವು ಹೇಳ್ತೀವಿ. ನಮ್ಮ ಪರವಾಗಿ ನೀನೇ ಆಗಲ್ಲ ಅಂತ ಹೇಳಿಕೊಳ್ಳಬೇಡ.' ಅವಳು ಅಳಬಹುದು, ಸುಮ್ಮನೆ ಎದ್ದು ಹೋಗಲೂಬಹುದು. ಹೋಗಲಿ ಬಿಡಿ, ಮಾತು ತಲುಪಿರುತ್ತದೆ.

ನಡುವಿನ ಮಕ್ಕಳಿಗೆ ಇಷ್ಟೆಲ್ಲ ಬೇಡ. 'ಈ ತಿಂಗಳು ಇದು ಆಗುತ್ತೆ, ಅದು ಆಗಲ್ಲ' ಎಂಬ ನೇರ ಮಾತು ಸಾಕು. ಆಮೇಲೆ ನೋಡೋಣ ಎಂದು ತಳ್ಳಬೇಡಿ. ಆಮೇಲೆ ಬಾರದೇ ಹೋದಾಗ ಮಕ್ಕಳು ನಂಬಿಕೆ ಕಳೆದುಕೊಳ್ಳುತ್ತಾರೆ. ಚಿಕ್ಕವನಿಗೆ ಏನೂ ಹೇಳಬೇಕಾಗಿಲ್ಲ.

ದೊಡ್ಡವಳಿಗೆ ವಾರದಲ್ಲಿ ಒಂದು ಇಡೀ ದಿನ ಬಿಡುವು ಕೊಡಿ. ಆ ದಿನ ತಮ್ಮ ಬಿದ್ದರೂ ಎತ್ತುವುದು ಅವಳ ಕೆಲಸವಲ್ಲ. ಮನೆ ಸ್ವಲ್ಪ ಅಸ್ತವ್ಯಸ್ತ ಆಗುತ್ತದೆ, ಆಗಲಿ. ಎರಡನೆಯ, ಮೂರನೆಯ ಮಕ್ಕಳಿಗೂ ಕೈಕಾಲು ಗಟ್ಟಿ ಇವೆ.

ಸಾಲದ ಬಗ್ಗೆ ಒಂದು ಮಾತು ಹೇಳಲೇಬೇಕು. ತಿಂಗಳಿಗೆ ನೂರಕ್ಕೆ ಮೂರು ಎಂದರೆ ವರ್ಷಕ್ಕೆ ನೂರಕ್ಕೆ 36. ಏನೂ ಕಟ್ಟದೆ ಬಡ್ಡಿಗೆ ಬಡ್ಡಿ ಸೇರುತ್ತ ಹೋದರೆ 24 ತಿಂಗಳಲ್ಲಿ ಸಾಲ ಎರಡರಷ್ಟಾಗುತ್ತದೆ. ಶಾಲೆಯ ಖರ್ಚು ದಿಢೀರ್ ಅಂತ ಬರುವುದಲ್ಲ, ಪ್ರತಿ ವರ್ಷ ಅದೇ ತಿಂಗಳಿಗೆ ಬರುತ್ತದೆ. ಈಗಲೂ ನೀವು ಅದಕ್ಕಾಗಿ ಹನ್ನೆರಡು ತಿಂಗಳು ಹಣ ಎತ್ತಿಡುತ್ತಲೇ ಇದ್ದೀರಿ, ಆದರೆ ಖರ್ಚಾದ ಮೇಲೆ, ಬಡ್ಡಿ ಸೇರಿಸಿ. ಅದನ್ನು ಖರ್ಚಿಗೆ ಮುಂಚೆ ಎತ್ತಿಡುವ ಹಾಗೆ ತಿರುಗಿಸಬೇಕು. ಒಂದೇ ವರ್ಷದಲ್ಲಿ ಆಗುವ ಕೆಲಸವಲ್ಲ. ಶಾಲೆಗೆ ಮುಂಚೆಯೇ ಹೋಗಿ, ಐದು ಮಕ್ಕಳಿದ್ದಾರೆ, ಕಂತಿನಲ್ಲಿ ಕಟ್ಟಬಹುದಾ, ರಿಯಾಯಿತಿ ಇದೆಯಾ ಎಂದು ಕೇಳಿ. ಕೊಡದೇ ಇರಬಹುದು. ಆದರೆ ಶಾಲೆಯಲ್ಲಿ ಅಂಥ ದಾರಿ ಇದ್ದರೂ ಕೇಳಿದವರಿಗಷ್ಟೇ ಅದು ಸಿಗುತ್ತದೆ. ಬರುವ ಸಲದ ಸಾಲ ಕಾಲು ಭಾಗ ಕಡಿಮೆಯಾದರೂ, ಅದರಿಂದ ಉಳಿತಾಯವಾಗುವ ಬಡ್ಡಿಯನ್ನು ಅದರ ಮುಂದಿನ ವರ್ಷಕ್ಕೆ ತೆಗೆದಿಡಬಹುದು.

ಇಲ್ಲಿ ನಿಮಗೆ ಒಂದು ವಿಷಯ ಹೊಳೆದಿರಬಹುದು. ಶಾಲೆಯಲ್ಲಿ ನೀವು ಕೇಳಿಲ್ಲ. ಹಲ್ಲುನೋವನ್ನು ಗಂಡನಿಗೂ ಹೇಳಿಲ್ಲ. ಮಗಳು ಕೇಳದೇ ಇರುವುದನ್ನು ಎಲ್ಲಿ ಕಲಿತಳು? ಬೈಯುವುದಕ್ಕೆ ಹೀಗೆ ಹೇಳುತ್ತಿಲ್ಲ. ತನ್ನದನ್ನೆಲ್ಲ ಕೊನೆಗೆ ಇಟ್ಟುಕೊಂಡ ಅಮ್ಮನನ್ನು ದಿನಾ ನೋಡುತ್ತಾ ಬೆಳೆದ ಹುಡುಗಿ ಅವಳು, ಹಾಗಿರುವುದೇ ಪ್ರೀತಿ ಅಂದುಕೊಂಡಿದ್ದಾಳೆ.

ಹುಳುಕಿನಿಂದ ಗುಂಡಿ ಬಿದ್ದ ಹಲ್ಲು ತಾನಾಗಿ ವಾಸಿಯಾಗುವುದಿಲ್ಲ. ಮೊದಲೇ ತೋರಿಸಿದರೆ ತುಂಬಿಸಿ ಮುಗಿಯುತ್ತದೆ. ಬಿಟ್ಟರೆ ಬೇರಿನ ಚಿಕಿತ್ಸೆ, ಇಲ್ಲವೇ ಕೀಳಿಸುವುದು, ಖರ್ಚೂ ಹಲವು ಪಟ್ಟು. ಎರಡು ತಿಂಗಳು ಆಗಲೇ ಕಳೆದಿವೆ. ಈ ವಾರವೇ ಹೋಗಿ. ಹೊರಡುವಾಗ ಗುಟ್ಟಾಗಿ ಹೋಗಬೇಡಿ, ದೊಡ್ಡವಳನ್ನು ಕರೆದು ಹೇಳಿ: 'ನನಗೆ ಹಲ್ಲು ನೋಯ್ತಿದೆ ಪುಟ್ಟಿ. ಅಪ್ಪನ ಹತ್ತಿರ ದುಡ್ಡು ಕೇಳಿದ್ದೀನಿ, ತೋರಿಸಿಕೊಂಡು ಬರ್ತೀನಿ.'